ಕೆಂಚಿಯ ಜೊತೆ ಮಳೆಗೆ ಹೋದದ್ದು

ಜೂನ್ 9, ಭಾನುವಾರ

ಲವಂಗ: ಇಲ್ಲ. ನಿಂಬೆ ಸಿಪ್ಪೆ: ಇಲ್ಲ. ಪನ್ನೀರು: ಇಲ್ಲ. ನೀಲಗಿರಿ ಎಣ್ಣೆ: ಮೂಗಿನೊಳಗೆ ಸ್ವಲ್ಪ ತಣ್ಣಗಾಯಿತು, ಅಷ್ಟೇ.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಈ ನಾಲ್ಕನ್ನೂ ಮೂಸಿ ನೋಡಬೇಕು, ಏನಾಯಿತು ಅಂತ ಬರೆದಿಡಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಈ ನೋಟ್‌ಬುಕ್ಕು. "ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು. ಆರು ತಿಂಗಳು ಕಾಯೋಣ" ಅಂದರು. ಏಪ್ರಿಲ್ ಕೊನೆಯಲ್ಲಿ ಬಂದ ಜ್ವರ ಐದು ದಿನಕ್ಕೆ ಬಿಟ್ಟಿತು, ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು. ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಗಾಗಿ, ಪಕ್ಕದ ಮನೆ ಗೀತಮ್ಮ ಗೋಡೆಯಾಚೆಯಿಂದ ಕೂಗಿದಾಗ ಒಲೆಯ ಮುಂದೆಯೇ ನಿಂತಿದ್ದೆ.

ಇದು ಗೊತ್ತಿರುವುದು ನಮ್ಮ ಅಣ್ಣನ ಮಗಳು ಪವಿತ್ರಳಿಗೆ ಮಾತ್ರ. ಮೊಳಕಾಲ್ಮೂರಿನಲ್ಲಿ ದನದ ಡಾಕ್ಟರು ಅವಳು. ಸೀರೆ ತರುವ ನೆಪ ಹೇಳಿ ನನ್ನನ್ನು ದಾವಣಗೆರೆಗೆ ಕರೆದುಕೊಂಡು ಹೋದವಳೂ ಅವಳೇ. ಮನೆಯಲ್ಲಿ ಹೇಳಿಲ್ಲ. ಹೇಳುವುದೂ ಇಲ್ಲ.

ಜೂನ್ 12, ಬುಧವಾರ

ನಾಲ್ಕಕ್ಕೂ ಇಲ್ಲ.

ಮಂಡಿ ನೋವು ಅಂತ ಹೇಳಿ ಮಿಲ್ಲಿಗೆ ಹೋಗಲಿಲ್ಲ. ನಮ್ಮದು ಚಳ್ಳಕೆರೆಯ ಹಳೆಯ ಶೇಂಗಾ ಎಣ್ಣೆ ಮಿಲ್ಲು. ಯಂತ್ರ, ವ್ಯಾಪಾರ ಎಲ್ಲ ಇವರದು. ಬೀಜ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವುದು ಮಾತ್ರ ಮೊದಲು ನಮ್ಮ ಅತ್ತೆಯವರ ಕೆಲಸವಾಗಿತ್ತು, ಅವರ ನಂತರ ನನ್ನದು. ಹತ್ತೊಂಬತ್ತು ವರ್ಷ ಮಾಡಿದ್ದೇನೆ. ಕಣ್ಣಿಗೆ ಚೆನ್ನಾಗಿ ಕಾಣುವ ಬೀಜದಲ್ಲೂ ಮುಗ್ಗಲು ಇರುತ್ತದೆ, ಅದು ಮೂಗಿಗೇ ಸಿಗಬೇಕು. ಓಂಕಾರಮೂರ್ತಿಗಳ ಮಿಲ್ಲಿನ ಎಣ್ಣೆ ಅಂದರೆ ಹೆಂಡತಿ ಮೂಸಿ ನೋಡಿದ್ದು ಅಂತ ಸುತ್ತಲಿನ ಅಂಗಡಿಯವರು ತಮಾಷೆ ಮಾಡುತ್ತಾರೆ. ಈ ಮನೆಯಲ್ಲಿ ನನಗೆ ಅಂತ ಇದ್ದದ್ದು ಅದೊಂದೇ.

ಈಗ ಹೆದರಿ, ಬಂದ ಬೀಜಕ್ಕೆಲ್ಲ ಬೇಡ ಅನ್ನುತ್ತಿದ್ದೇನೆ. ಇವರಿಗೆ ಆಶ್ಚರ್ಯ. "ಏನೇ ಇದು, ಊರಿನ ಬೀಜವೆಲ್ಲ ಒಂದೇ ಸಲ ಕೆಟ್ಟೋಯ್ತಾ?" ಅಂದರು.

ತಿಪ್ಪಯ್ಯನ ವಿಷಯ ಇಲ್ಲಿ ಬರೆಯುವುದಿಲ್ಲ. ಇದು ಮೂಗಿನ ಪುಸ್ತಕ.

ಜೂನ್ 14, ಶುಕ್ರವಾರ

ಇಲ್ಲ.

ಬರೆಯುತ್ತೇನೆ. ಯಾರು ಓದುತ್ತಾರೆ?

ಮೇ ಮೊದಲ ವಾರ, ವಾಸನೆ ಹೋದದ್ದು ನನಗೇ ಇನ್ನೂ ನಂಬಿಕೆಯಾಗದಿದ್ದಾಗ, ಒಂದು ಲೋಡು ಬೀಜ ಬಂತು. ತಿಪ್ಪಯ್ಯ ತಂದು ತೋರಿಸಿದ. ಅವನು ನಮ್ಮ ಮಿಲ್ಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದವನು, ಚೀಲ ಒಟ್ಟುವುದು, ಒಣಗಿಸುವುದು ಎಲ್ಲ ಅವನದೇ. ನಾನು ಮೂಸಿದೆ. ಏನೂ ಇರಲಿಲ್ಲ. ಏನೂ ಇಲ್ಲ ಅಂದರೆ ಮುಗ್ಗಲೂ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. "ಚೆನ್ನಾಗಿದೆ, ಹಾಕು" ಅಂದೆ. ಅವನು ಒಂದು ಗಳಿಗೆ ನಿಂತೇ ಇದ್ದ. ಆಮೇಲೆ ಹೋದ.

ಎಂಟು ದಿನಕ್ಕೆ ಮೊಳಕಾಲ್ಮೂರಿನಿಂದ, ಖಾನಾವಳಿ ನಡೆಸುವ ಶಿವಬಸಮ್ಮನವರು ಡಬ್ಬಗಳನ್ನು ವಾಪಸ್ ಕಳಿಸಿದರು. ಊಟಕ್ಕೆ ಕೂತವರು ಎದ್ದು ಹೋದರಂತೆ. ನನ್ನ ಮೂಗು ತಪ್ಪುವುದಿಲ್ಲ ಎಂದು ಇವರಿಗೆ ನಂಬಿಕೆ. ಹಾಗಾಗಿ ತಿಪ್ಪಯ್ಯನೇ ಹಳೆಯ ಚೀಲ ಬೆರೆಸಿದ್ದಾನೆ ಎಂದು ತೀರ್ಮಾನ ಮಾಡಿದರು. ಅವನು ಎದುರು ಮಾತಾಡಲಿಲ್ಲ. ನನ್ನ ಮುಖ ಒಂದು ಸಲ ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮೊಳಕಾಲ್ಮೂರು ಕಡೆಯ ತನ್ನೂರು ಸಿದ್ದಾಪುರದ ಬಸ್ಸು ಹತ್ತಿದ.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಜೂನ್ 16, ಭಾನುವಾರ

ಪವಿತ್ರ ಬಂದಿದ್ದಳು. ನನ್ನ ಮುಖ ನೋಡಿದವಳೇ "ಅತ್ತೆ, ನೀವು ಇಲ್ಲೇ ಕೂತ್ರೆ ಮೂಗು ಬರೋ ಹೊತ್ತಿಗೆ ತಲೆ ಹೋಗ್ತೈತೆ. ನನ್ ಜೊತೆ ಬರ್ರಿ" ಅಂದಳು.

ಬೈಂದೂರಿನ ಹತ್ತಿರ, ಗುಡ್ಡದ ಮೇಲೆ ಟೆಂಟು ಹಾಕಿಕೊಂಡು ನಾಲ್ಕು ದಿನ ಇರುವುದಂತೆ. ಗುಡ್ಡದಿಂದ ಸಮುದ್ರ ಕಾಣುತ್ತದಂತೆ. ನಾಯಿ, ಬೆಕ್ಕು ಸಾಕಿದವರೇ ಬರುವ ಜಾಗ, ಅವುಗಳನ್ನು ಕರೆದುಕೊಂಡೇ ಬರಬೇಕಂತೆ. ಮಳೆಗಾಲದಲ್ಲಿ ಟೆಂಟಾ ಅಂದೆ. "ಮಳೆ ನೋಡಕ್ಕೇ ಹೋಗೋದು ಅತ್ತೆ. ನಮ್ಮೂರಾಗೆ ಎಲ್ಲೈತೆ ಅದು" ಅಂದಳು.

"ನನ್ನ ಹತ್ರ ಯಾವ ಪ್ರಾಣಿ ಇದೆ?"

"ಮಿಲ್ಲಿನ ಅಂಗಳದಾಗೆ ಮಲಗಿರ್ತೈತಲ್ಲ, ಅದು ಯಾರದು ಮತ್ತೆ?"

ಅದು ಯಾರದೂ ಅಲ್ಲ. ವರವು ಕಾವಲ್ ಕಡೆಯ ಕುರಿಗಾರ ದೊಡ್ಡಪಾಲಯ್ಯ ಮೂರು ವರ್ಷದ ಹಿಂದೆ ನಾಯಿಮರಿ ತಂದು ಮಿಲ್ಲು ಕಾಯಲಿ ಅಂತ ಬಿಟ್ಟು ಹೋದ. ಕೆಂಪು ಬಣ್ಣ, ಹಾಗಾಗಿ ಕೆಂಚಿ. ಅನ್ನ ಹಾಕುತ್ತೇನೆ, ಹೊಸಿಲು ದಾಟಲು ಬಿಟ್ಟಿಲ್ಲ. ಪೂಜೆಯ ಮನೆ ನಮ್ಮದು.

ಇವರು ಹೋಗಿ ಬಾ ಅಂದರು. ಬೀಜಕ್ಕೆಲ್ಲ ಬೇಡ ಅನ್ನುವವಳು ನಾಲ್ಕು ದಿನ ಇಲ್ಲದಿದ್ದರೆ ಅವರಿಗೂ ನೆಮ್ಮದಿ.

ಜೂನ್ 20, ಗುರುವಾರ

ಬೆಳಿಗ್ಗೆ ನೋಡಿದೆ, ಇಲ್ಲ. ಸಂಜೆ ಸೀಸೆಗಳು ಯಾವ ಚೀಲದಲ್ಲಿವೆಯೋ ಸಿಗಲಿಲ್ಲ.

ಜೀಪು ದುರುಗೇಶನದು, ಓಡಿಸುವವನೂ ಅವನೇ. ಹಳ್ಳಿಗಳಿಗೆ ಹಸುಗಳ ಚಿಕಿತ್ಸೆಗೆ ಹೋಗುವಾಗ ಪವಿತ್ರ ಅವನ ಜೀಪನ್ನೇ ಕರೆಸುತ್ತಾಳೆ. ಪವಿತ್ರಳ ಬೆಕ್ಕು ಬುಟ್ಟಿಯಲ್ಲಿ, ಮುಚ್ಚಳ ಹಾಕಿ. ಬೆಕ್ಕಿನ ಹೆಸರು ಮೆಂತ್ಯ. ಕೆಂಚಿ ಹಿಂದೆ, ಚೀಲಗಳ ನಡುವೆ. ಚಿತ್ರದುರ್ಗ ದಾಟುವವರೆಗೂ ಅದು ಕಿಟಕಿಯ ಸಂದಿಗೆ ಮೂಗು ಇಟ್ಟು ನಿಂತೇ ಇತ್ತು. ಮೂಗಿನ ತುದಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಶಿವಮೊಗ್ಗ ಬಂದಾಗ ಒಂದು ತರ, ಹೊಸನಗರ ಬಂದಾಗ ಇನ್ನೊಂದು ತರ ಅಲ್ಲಾಡುತ್ತಿತ್ತು. ಅದಕ್ಕೆ ಪ್ರತಿ ಊರೂ ಬೇರೆ. ನನಗೆ ಬೋರ್ಡು ಓದಿದರಷ್ಟೇ ಗೊತ್ತು.

ನಾಗೋಡಿ ಘಾಟಿಯಲ್ಲಿ ಮಳೆ ಹಿಡಿಯಿತು. ಹಿಡಿಯಿತು ಎಂದರೆ ನಾವು ಅದರೊಳಗೆ ಹೋದೆವು. ಹತ್ತು ಗಜದ ಮುಂದೆ ರಸ್ತೆ ಇಲ್ಲ. ಕೆಂಚಿ ಆಕಾಶ ನೋಡಿತು, ನನ್ನನ್ನು ನೋಡಿತು, ಮತ್ತೆ ಆಕಾಶ ನೋಡಿತು. ನಮ್ಮೂರಲ್ಲಿ ಮಳೆ ಬಂದರೆ ಅಂಗಳಕ್ಕೆ ಓಡಿಹೋಗಿ ನೆನೆಯುವ ನಾಯಿ ಇದು. ನಿಲ್ಲದೇ ಇರುವ ಮಳೆ ಅದಕ್ಕೆ ಗೊತ್ತಿಲ್ಲ.

ಗುಡ್ಡದ ಮೇಲೆ ತಗಡಿನ ಚಾವಣಿ, ಅದರ ಕೆಳಗೆ ಹಲಗೆಯ ಅಟ್ಟ, ಅಟ್ಟದ ಮೇಲೆ ಟೆಂಟುಗಳು. ನಡೆಸುವವರು ಗುಲಾಬಕ್ಕ, ನನ್ನದೇ ವಯಸ್ಸು. "ಹ್ವಾಯ್, ಒಳ್ಗ್ ಬನಿ, ಪೂರಾ ಚಂಡಿ ಆಯ್ರಿ ಕಾಣಿ" ಅಂದರು. ಬಂದ ಕೂಡಲೇ ಚಂಡಿ ಅನ್ನುತ್ತಾರಲ್ಲ ಅಂತ ಬೇಜಾರಾಯಿತು. ಚಂಡಿ ಅಂದರೆ ಈ ಕಡೆ ಒದ್ದೆ ಅಂತ ದುರುಗೇಶ ನಗುತ್ತಾ ಹೇಳಿದ.

ನಾಯಿಯನ್ನು ಟೆಂಟಿನ ಹೊರಗೆ, ಚಾವಣಿಯ ಕಂಬಕ್ಕೆ ಕಟ್ಟಿಸಿದ್ದೇನೆ.

ಜೂನ್ 21, ಶುಕ್ರವಾರ

ಬೆಳಿಗ್ಗೆ ಎದ್ದರೆ ಕೆಂಚಿ ಟೆಂಟಿನ ಬಾಗಿಲಿಗೆ ಬೆನ್ನು ಒತ್ತಿಕೊಂಡು ಮಲಗಿತ್ತು. ಅದರ ಬಿಸಿ ಬಟ್ಟೆಯ ಈಚೆಗೂ ಬರುತ್ತಿತ್ತು. ಎಬ್ಬಿಸಲಿಲ್ಲ.

ಒಂದು ಸಮಸ್ಯೆ ಎದ್ದಿತು. ಅದು ನಿನ್ನೆ ಸಂಜೆಯಿಂದ ಮೂತ್ರ ಮಾಡಿಲ್ಲ. ಮಳೆ ನಿಲ್ಲಲಿ ಆಮೇಲೆ ಹೋಗೋಣ ಅಂತ ಕಾಯುತ್ತಿದೆ. ಅಟ್ಟದ ಅಂಚಿಗೆ ಬಂದು ನಿಲ್ಲುತ್ತದೆ, ಕಾಲು ಮುಂದಿಡುತ್ತದೆ, ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಹತ್ತು ಗಂಟೆಯಾದರೂ ಹೀಗೇ. ಪವಿತ್ರಳಿಗೆ ಹೇಳಿದರೆ "ಕೊಡೆ ಹಿಡೀರಿ ಅತ್ತೆ" ಅಂದಳು. ತಮಾಷೆ ಅಂದುಕೊಂಡೆ. ಬೇರೆ ದಾರಿ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡೆ ಹಿಡಿದು, ನಾಯಿಯ ಪಕ್ಕದಲ್ಲಿ ಬಗ್ಗಿ ನಡೆದೆ. ಹಲಸಿನ ಮರದ ಬುಡದಲ್ಲಿ ಅದು ಬಹಳ ಹೊತ್ತು ಕೂತಿತು. ನಾನು ಪೂರಾ ಚಂಡಿ. ದಾವಣಗೆರೆಯಿಂದ ಲ್ಯಾಬ್ರಡಾರ್ ಕರೆದುಕೊಂಡು ಬಂದಿರುವ ದಂಪತಿ ಟೆಂಟಿನಿಂದ ಇಣುಕಿ ನೋಡಿದರು. ಚಳ್ಳಕೆರೆಯವರು ಯಾರೂ ಇರಲಿಲ್ಲ, ಅದೇ ಪುಣ್ಯ.

ಗಮನಿಸಿದ್ದು: ಮಳೆ ಒಂದೇ ಅಲ್ಲ. ತಗಡಿನ ಮೇಲೆ ಬಿದ್ದಾಗ ಶೇಂಗಾ ಸುರಿದಂತೆ, ಹಲಸಿನ ಎಲೆಯ ಮೇಲೆ ದಪ್ಪ ಸದ್ದು, ಬಿದಿರಿನ ಮೆಳೆಯಲ್ಲಿ ಪಿಸುಮಾತು. ಕಣ್ಣು ಮುಚ್ಚಿ ಕೂತರೆ ಎಲ್ಲಿ ಯಾವ ಮರ ಇದೆ ಅಂತ ಹೇಳಬಹುದು. ಸುಮಾರು ಅರ್ಧ ಗಂಟೆ ಹೀಗೇ ಕೂತಿದ್ದೆ. ಕೆಂಚಿಯೂ ಕಿವಿ ಎತ್ತಿ ಕೂತಿತ್ತು. ಕಾಲಿಗೆ ಹತ್ತಿದ ಇಂಬಳ ಅನ್ನುವ ಜಿಗಣೆ ರಕ್ತ ಕುಡಿದು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಗುಲಾಬಕ್ಕ ಸುಣ್ಣ ಹಚ್ಚಿದರು, ನನಗೂ ಅದಕ್ಕೂ.

ಮಧ್ಯಾಹ್ನ ಮಂಜು ಸರಿದು ದೂರದಲ್ಲಿ ಬೂದು ಬಣ್ಣದ ಒಂದು ಗೆರೆ ಕಂಡಿತು. ಸಮುದ್ರ ಅಂತ ದುರುಗೇಶ ತೋರಿಸಿದ. ನಿಮಿಷದೊಳಗೆ ಮತ್ತೆ ಮುಚ್ಚಿಕೊಂಡಿತು.

ಊಟದ ರುಚಿ ಹೇಗೆ ಅಂತ ಗುಲಾಬಕ್ಕ ಕೇಳಿದರು. ನನಗೆ ಸಿಕ್ಕಿದ್ದು ಉಪ್ಪು, ಹುಳಿ, ಖಾರ. ಬಹಳ ಚೆನ್ನಾಗಿದೆ ಅಂದೆ. ಈ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ.

ಜೂನ್ 22, ಶನಿವಾರ. ಸಂಜೆ ಏಳು

ಅಕ್ಷರ ಸೊಟ್ಟ.

ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ದೊಡ್ಡ ಕೊಂಬೆ ಮುರಿದು ತಗಡಿನ ಮೇಲೆ ಬಿತ್ತು. ಆ ಸದ್ದಿಗೆ ನಾವೇ ಕಿರುಚಿದೆವು. ಕೆಂಚಿಯ ಹಗ್ಗ ಬಿಚ್ಚಿದ್ದೆ, ಅನ್ನ ಹಾಕಲು. ಅಟ್ಟದಿಂದ ಹಾರಿದ್ದು ಕಂಡಿತು. ಆಮೇಲೆ ಮಳೆ ಒಂದೇ.

ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ನಾಯಿ ತಾನೇ, ಬರುತ್ತದೆ. ಚಳ್ಳಕೆರೆಯಲ್ಲಿ ಪೇಟೆಯ ಆ ಕೊನೆಗೆ ಹೋದರೂ ಬರುತ್ತದೆ. ಎರಡು ಗಂಟೆಯಾಯಿತು, ಮೂರಾಯಿತು. ದುರುಗೇಶ ರಸ್ತೆಯ ಕಡೆ ಹೋಗಿ ಬಂದ. ಪವಿತ್ರ ಮೇಲಿನ ಗುಡ್ಡ ಹತ್ತಿ ಬಂದಳು.

"ಮೂಸಿಕೊಂಡು ಬರ್ತೈತಿ ಬಿಡ್ರಿ ಅಕ್ಕ" ಅಂದ ದುರುಗೇಶ.

ಗುಲಾಬಕ್ಕ ತಲೆ ಅಲ್ಲಾಡಿಸಿದರು. "ಈ ಮಳಿಗೆ ನಾಯಿಗೆ ವಾಸ್ನಿ ಹ್ಯಾಂಗ್ ಸಿಕ್ಕತ್? ಎಲ್ಲಾ ತೊಳ್ಕಂಡ್ ಹೋಯ್ತ್. ನಮ್ಮ ನಾಯಿಗಳಿಗೆ ಅಭ್ಯಾಸ ಇತ್ತ್. ನಿಮ್ದ್ ಬಯಲುಸೀಮಿ ನಾಯಿ."

ಅಲ್ಲೆಲ್ಲೋ ನೂರು ಹೆಜ್ಜೆ ದೂರದಲ್ಲಿ ನಿಂತು, ನೆಲ ಮೂಸಿ, ಗಾಳಿ ಮೂಸಿ, ಏನೂ ಇಲ್ಲದೆ ಸುತ್ತುತ್ತಿರುವುದು ಕಣ್ಣಿಗೆ ಕಟ್ಟಿತು. ಏನೂ ಇಲ್ಲದಿರುವುದು ಹೇಗಿರುತ್ತದೆ ಅಂತ ಅಲ್ಲಿದ್ದವರಲ್ಲಿ ನನಗೆ ಮಾತ್ರ ಗೊತ್ತಿತ್ತು.

ರೈನ್‌ಕೋಟು ಹಾಕಿಕೊಂಡು ನಾನೂ ಇಳಿದೆ. ಕೆಳಗೆ ಒಂದು ತೊರೆ ಇದೆ. ಅದರ ದಾರಿಯಲ್ಲಿ ಅರ್ಧ ಹೋಗುತ್ತಿದ್ದಂತೆ ಮುಂದಿದ್ದ ದುರುಗೇಶ ನಿಂತು ಮೂಗು ಮುಚ್ಚಿಕೊಂಡ. ಪವಿತ್ರಳೂ ನಿಂತಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಬಂದ ಗುಲಾಬಕ್ಕ ಸೆರಗು ಬಾಯಿಗೆ ಹಿಡಿದರು.

"ಅತ್ತೆ, ನೀವು ಮೇಲೆ ಹೋಗ್ರಿ. ನಾವು ನೋಡ್ತೀವಿ" ಅಂದಳು ಪವಿತ್ರ. ದನಿ ಬೇರೆಯಾಗಿತ್ತು.

"ಏನಾಯ್ತು?"

"ಅಕ್ಕ, ನಿಮಗೆ ವಾಸ್ನೆ ಬರ್ತಿಲ್ಲೇನ್ರಿ? ಏನೋ ಸತ್ತೈತಿ ಅಲ್ಲಿ" ಅಂದ ದುರುಗೇಶ.

ಹೌದು ಬರುತ್ತಿದೆ ಅನ್ನಬಹುದಿತ್ತು. ಎರಡು ತಿಂಗಳಿಂದ ಹಾಗೇ ಹೇಳಿಕೊಂಡು ಬಂದಿದ್ದೇನೆ. ಅಂದಿದ್ದರೆ ಅವರು ನನ್ನನ್ನು ಮೇಲಕ್ಕೆ ಕಳಿಸುತ್ತಿದ್ದರು, ನಾನು ಹೋಗುತ್ತಿದ್ದೆ.

"ಬರಲ್ಲ" ಅಂದೆ. "ನನಗೆ ವಾಸನೆ ಬರೋದಿಲ್ಲ ದುರುಗೇಶ. ಜ್ವರ ಬಂದಾಗಿನಿಂದ ಏನೂ ಬರಲ್ಲ. ದಾರಿ ಬಿಡು, ನಾನೇ ನೋಡ್ತೀನಿ."

ಅವನು ಪಕ್ಕಕ್ಕೆ ಸರಿದ.

ಆ ಇಪ್ಪತ್ತು ಹೆಜ್ಜೆ ಹೇಗೆ ಇಟ್ಟೆನೋ ಗೊತ್ತಿಲ್ಲ. ಅವರಿಗೆಲ್ಲ ಅಲ್ಲಿ ಏನಿದೆ ಅಂತ ಮೂಗು ಹೇಳಿಬಿಟ್ಟಿತ್ತು, ನನಗೆ ಮಾತ್ರ ಕಣ್ಣಾರೆ ನೋಡುವ ತನಕ ಆಸೆ ಉಳಿದಿತ್ತು. ಪೊದೆ ಸರಿಸಿದೆ. ನೊಣಗಳು ಎದ್ದವು. ನೆಲದಲ್ಲಿ ಕಪ್ಪುಗೆಂಪು ಬಣ್ಣದ, ಸುಕ್ಕು ಸುಕ್ಕಾದ, ಬೋಗುಣಿಯಷ್ಟು ಅಗಲದ ಏನೋ ಒಂದು. ಬಗ್ಗಿದೆ. ಚರ್ಮ ಅಂದುಕೊಂಡದ್ದು ದಳ. ನಡುವೆ ಅಣಬೆಯಂಥ ದಪ್ಪನೆಯ ಗುಬುಟು. ಬೆರಳಿನಿಂದ ಮುಟ್ಟಿದೆ. ಹೂವು!

"ಹೂವು ಕಣ್ರೇ ಇದು" ಅಂತ ಕೂಗಿದೆ. ಗುಲಾಬಕ್ಕ ಮೂಗು ಮುಚ್ಚಿಕೊಂಡೇ ಬಂದು ನೋಡಿ, "ಅಯ್ಯೋ, ಕಾಡು ಸುವರ್ಣಗೆಡ್ಡಿ ಹೂಗ್ ಮಾರಾಯ್ರೆ. ಮೊದ್ಲ್ ಮಳಿಗೆ ಅರಳತ್, ಇದ್ ತಡ ಆಯ್ತ್ ಕಾಣಿ" ಅಂದರು. ಕೊಳೆತ ಮಾಂಸದ ವಾಸನೆ ಅಂತೆ, ನೊಣಗಳನ್ನು ಕರೆಯುವುದಕ್ಕೆ. ಅಷ್ಟು ಹತ್ತಿರದಿಂದ ಆ ಹೂವನ್ನು ನೋಡಿದವರು ಕಡಿಮೆ ಇರಬೇಕು. ಅದರ ಅಂಚಿನಲ್ಲಿ ಸೀರೆಯ ನಿರಿಗೆಯ ಹಾಗೆ ಮಡಿಕೆಗಳಿವೆ.

ನಾನು ಅಲ್ಲೇ ಕೂತಿದ್ದರಿಂದ ಕಂಡಿತು. ಹೂವಿನಾಚೆ ದಂಡೆ ಕುಸಿದ ಕಡೆ, ಮರದ ಬೇರಿನ ಕೆಳಗೆ, ಕೆಂಪಗೆ ಮುದುರಿಕೊಂಡು ಕೆಂಚಿ. ಇಷ್ಟು ಮಳೆಯಲ್ಲೂ ಮೂಗಿಗೆ ಸಿಕ್ಕ ವಾಸನೆ ಈ ಹೂವಿನದೊಂದೇ ಇರಬೇಕು, ಅದನ್ನೇ ಹಿಡಿದು ಬಂದಿದ್ದಾಳೆ. ಕೂಗಿದೆ. ನನ್ನ ಕಡೆ ನೋಡಿದಳು, ಬರಲಿಲ್ಲ. ಹಲ್ಲು ತೋರಿಸಿ ಗುರುಗುಟ್ಟಿದಳು. ನನ್ನ ಮೇಲೆ ಗುರುಗುಟ್ಟಿದ್ದು ಅದೇ ಮೊದಲು.

ಆಮೇಲೆ ಹೊಳೆಯಿತು. ತಲೆಯಿಂದ ಮಂಡಿಯವರೆಗೆ ಹಳದಿ ರೈನ್‌ಕೋಟು, ಮುಖ ಅರ್ಧ ಮುಚ್ಚಿದೆ, ವಾಸನೆಯನ್ನು ಮಳೆ ತೊಳೆದಿದೆ. ನಾನು ಯಾರು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ರೈನ್‌ಕೋಟು ತೆಗೆದು ಎಸೆದೆ. "ಅತ್ತೆ, ನೆಂದೋಗ್ತೀರಿ" ಅಂತ ಪವಿತ್ರ ಕೂಗುತ್ತಿದ್ದಳು. "ಬಾರೇ, ನಾನು ಕಣೇ. ನಾನೇ. ಬಾರವ್ವ" ಅಂದೆ. ಎಷ್ಟು ಸಲ ಅಂದೆನೋ. ಬೇರಿನ ಕೆಳಗಿಂದ ತೆವಳಿಕೊಂಡು ಬಂದವಳು ಮೊದಲು ನನ್ನ ಅಂಗೈಗೆ ಮೂಗು ಒತ್ತಿದಳು, ಬಹಳ ಹೊತ್ತು. ಆಮೇಲೆ ಇಡೀ ಮೈ ನನ್ನ ಮಡಿಲಿಗೆ.

ಮುಂಗಾಲಿನ ಉಗುರು ಕಿತ್ತಿದೆ. ಪವಿತ್ರ ಔಷಧಿ ಹಾಕಿ ಕಟ್ಟಿದ್ದಾಳೆ. ಕಂಬಳಿಯ ಅರ್ಧ ಅವಳಿಗಾಗಿದೆ, ಅರ್ಧ ನನಗೆ. ಬರೆಯುವ ಕೈಯ ಮೇಲೆ ತಲೆ ಇಟ್ಟು ಮಲಗಿದ್ದಾಳೆ, ಸಾಲು ಸೊಟ್ಟಗಾಗುವುದಕ್ಕೆ ಅದೇ ಕಾರಣ.

ಜೂನ್ 23, ಭಾನುವಾರ

ಇಡೀ ದಿನ ಮಳೆ. ಎಲ್ಲೂ ಹೋಗಲಿಲ್ಲ.

ಗುಲಾಬಕ್ಕ ನನ್ನ ಪಕ್ಕ ಕೂತು ಒಂದೊಂದೇ ಕೇಳಿದರು. ಮಣ್ಣಿನ ವಾಸನೆಯೂ ಇಲ್ವಾ? ಮಲ್ಲಿಗೆ? ಮೀನು? ಎಂಥ ಕುತೂಹಲ ಅವರಿಗೆ. ನನಗೆ ಬೇಜಾರಾಗಲಿಲ್ಲ. ಕನಸಿನಲ್ಲಿ ವಾಸನೆ ಬರುತ್ತದಾ ಅಂತಲೂ ಕೇಳಿದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ನಿನ್ನೆ ನಾನ್ ಮಾಡಿದ್ ಸಾರ್ ಹಾಂಗಾರೆ ನಿಮಗೆ ನೀರೇ?" ಅಂದರು. ಹೌದು ಅಂದೆ. ಇಬ್ಬರೂ ನಕ್ಕೆವು. ಇವತ್ತು ಸಾರಿಗೆ ಕಾಳುಮೆಣಸು ಜಾಸ್ತಿ ಹಾಕಿ, "ಈಗ ನಾಲಿಗಿಗಾದ್ರೂ ಗೊತ್ತಾತ್ತಾ ಕಾಣಿ" ಅಂತ ಬಡಿಸಿದರು.

ಇಷ್ಟು ಸುಲಭವಿತ್ತೇ ಇದನ್ನು ಹೇಳುವುದು?

ಸಂಜೆ ಪವಿತ್ರ ಬೆಕ್ಕಿನ ತಲೆ ಬಾಚುತ್ತಾ, ನನ್ನ ಕಡೆ ನೋಡದೆ, "ಮಾಮನಿಗೆ ಯಾವಾಗ ಹೇಳ್ತೀರಿ?" ಅಂದಳು.

ತಿಪ್ಪಯ್ಯನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ. ಅವಳು ಬಾಚುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. "ಸಿದ್ದಾಪುರದಾಗೆ ಅವರ ಎಮ್ಮೆ ಕರು ಹಾಕಿದಾಗ ನಾನೇ ಹೋಗಿದ್ದೆ. ಕೆಲಸ ಯಾಕೆ ಬಿಟ್ರಿ ಅಂದ್ರೆ, ವಯಸ್ಸಾತು ಅಂದ್ರು" ಅಂದಳು.

ಜೂನ್ 24, ಸೋಮವಾರ

ಹೊರಟೆವು. ಕೆಂಚಿ ಮುಂದಿನ ಸೀಟಿನಲ್ಲಿ, ನನ್ನ ಕಾಲ ಬಳಿ. ಚಿತ್ರದುರ್ಗ ದಾಟಿದ ಮೇಲೆ ಎದ್ದು ಕೂತು ಬಾಲ ಬಡಿಯತೊಡಗಿದಳು.

ಜೂನ್ 26, ಬುಧವಾರ

ಹೇಳಿದೆ.

ನಿನ್ನೆ ಮೂರು ಸಲ ಬಾಯಿಗೆ ಬಂದು ವಾಪಸ್ ಹೋಯಿತು. ಇವತ್ತು ಊಟ ಆದ ಮೇಲೆ ಇವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಹೇಳಿದೆ. ಜ್ವರದಿಂದ ಶುರು ಮಾಡಿ ಆ ಲೋಡಿನವರೆಗೆ. ಇವರು ಸುಣ್ಣ ಹಚ್ಚಿದ ಎಲೆ ಕೈಯಲ್ಲೇ ಹಿಡಿದಿದ್ದರು.

"ಎರಡು ತಿಂಗಳು?" ಅಂದರು.

"ಹ್ಞೂಂ."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನನಗೆ ಮಿಲ್ಲಿನಲ್ಲಿ ಏನು ಕೆಲಸ ಉಳೀತಿತ್ತು?"

"ಹಂಗಾದ್ರೆ ತಿಪ್ಪಯ್ಯ?" ಅಂದರು. ನಾನು ತಲೆ ತಗ್ಗಿಸಿದೆ. ಎಲೆಯನ್ನು ತಟ್ಟೆಗೆ ಎಸೆದು ಎದ್ದು ಹೋದರು.

ಜೂನ್ 28, ಶುಕ್ರವಾರ

ಮಾತಿಲ್ಲ. ಊಟಕ್ಕೆ ಬರುತ್ತಾರೆ, ಹೋಗುತ್ತಾರೆ. ಕೆಂಚಿ ಅಡುಗೆಮನೆಯ ಬಾಗಿಲಲ್ಲಿ ಮಲಗಿದ್ದಕ್ಕೆ ಎಡವಿದರು. ಬೈಯುತ್ತಾರೇನೋ ಅಂದುಕೊಂಡೆ. ದಾಟಿಕೊಂಡು ಹೋದರು.

ಸಂಜೆ ಒಂದೇ ಮಾತು: "ಭಾನುವಾರ ಹೋಗೋಣ."

ಜೂನ್ 30, ಭಾನುವಾರ

ಸಿದ್ದಾಪುರಕ್ಕೆ ಹೋಗಿ ಬಂದೆವು.

ಇವರು ಊರ ಮುಂದೆ ಬಂಡೆಗಳ ಹತ್ತಿರ ಕಾರು ನಿಲ್ಲಿಸಿ, "ನೀನು ಮೊದಲು ಹೋಗು. ಇಷ್ಟು ವರ್ಷದಿಂದ ನೋಡಿದಾನೆ ನನ್ನ. ಏನಂತ ಹೋಗಲಿ" ಅಂದರು. ಕೆಂಚಿ ನನ್ನ ಜೊತೆ ಇಳಿದಳು. ಮನೆ ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ, ಆದರೂ ಎರಡು ತಿರುವಿನ ಮುಂಚೆಯೇ ಓಡಿಹೋದಳು. ನಾನು ಹೋಗುವ ಹೊತ್ತಿಗೆ ತಿಪ್ಪಯ್ಯ ಕಟ್ಟೆಯಲ್ಲಿ ಕೂತು ಅವಳ ಕಿವಿ ಕೆರೆಯುತ್ತಿದ್ದರು.

"ಬರ್ರಿ ಅಮ್ಮಾರೆ" ಅಂದು ಎದ್ದರು. ಹೆಂಡತಿ ರಂಗಕ್ಕ ಚಾಪೆ ತಂದರು. ಅವರು ಆಂಧ್ರದ ಕಡೆಯವರು. ಮುಖದಲ್ಲಿ ಸಿಟ್ಟಿತ್ತು, ಮುಚ್ಚಿಡಲಿಲ್ಲ.

ನಾನು ಕೂರದೆ ಹೇಳಿದೆ. ಕೂತರೆ ಆಗುತ್ತಿರಲಿಲ್ಲ. ಜ್ವರದಿಂದ ಮೂಗು ಹೋಗಿದೆ, ಆ ದಿನ ನನಗೆ ವಾಸನೆ ಗೊತ್ತಾಗದೇ ಚೆನ್ನಾಗಿದೆ ಅಂದೆ, ನಿಮ್ಮ ಮೇಲೆ ಬಂದಾಗ ಬಾಯಿ ಮುಚ್ಚಿಕೊಂಡಿದ್ದೆ, ಎಲ್ಲ ಹೇಳಿದೆ.

ತಿಪ್ಪಯ್ಯ ನನ್ನನ್ನೇ ನೋಡುತ್ತಿದ್ದರು. "ಏನೂ ವಾಸ್ನೆ ಇರ್ಲಿಲ್ವಾ ಅಮ್ಮ ಆವತ್ತು ನಿಮಗೆ? ಏನೇನೂ?" ಅಂದರು.

"ಏನೂ ಇರಲಿಲ್ಲ."

"ನನಗೆ ಇತ್ತು. ಜೋರಾಗೇ ಮುಗ್ಗಲಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ನೀವು?"

"ನೀವು ಚೆನ್ನಾಗೈತೆ ಅಂದ್ರಲ್ಲ. ಇಪ್ಪತ್ತೇಳು ವರ್ಷದಾಗೆ ಆ ಮನೆ ಮೂಗು ತಪ್ಪಿದ್ದು ನಾನು ಕಂಡಿಲ್ಲ. ಅದಕ್ಕೆ ನನ್ನ ಮೂಗೇ ಕೆಟ್ಟೈತೆ ಅಂದ್ಕೊಂಡೆ." ಆಮೇಲೆ ಮೆಲ್ಲಗೆ, "ಎರಡು ತಿಂಗಳಿಂದ ಹಂಗೇ ಅಂದ್ಕೊಂಡು ಕೂತಿದೀನಿ" ಅಂದರು.

ರಂಗಕ್ಕ ಒಳಗಿಂದ ಬಂದರು. "ನೋಡ್ರಿ, ದಿನಾ ಇದೇ ಗೋಳು. ಸಾರು ಹಳಸೈತಾ ನೋಡು ಅಂತಾರೆ. ಹಾಲು ಸೀದೈತಾ ನೋಡು ಅಂತಾರೆ. ನನಗೆ ಬರ್ತೈತೆ, ನಿನಗೂ ಬರ್ತೈತಾ ಅಂತ ಕೇಳ್ತಾರೆ. ಈ ಮುದುಕನಿಗೆ ತಲೆ ಕೆಟ್ಟಿತೇನೋ ಅಂತ ನಾನು ದೇವರಿಗೆ ಹರಕೆ, ಮೊಕ್ಕು ಕಟ್ಕೊಂಡೀನಿ." ಕಣ್ಣೊರೆಸಿಕೊಂಡರು.

ಕೆಲಸ ಹೋಯಿತು, ಹೆಸರು ಹೋಯಿತು ಅಂತ ಅವರು ಕೊರಗುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ನಾನು ಅವರಿಂದ ಏನು ಕಿತ್ತುಕೊಂಡಿದ್ದೆ ಅಂತ ಆಗ ಗೊತ್ತಾಯಿತು.

"ನಿಮ್ಮ ಮೂಗು ಸರಿ ಇದೆ ತಿಪ್ಪಯ್ಯನವರೇ. ಯಾವಾಗಲೂ ಸರಿಯೇ ಇತ್ತು" ಅಂದೆ.

ಅವರು ತಲೆ ಅಲ್ಲಾಡಿಸಿದರು. "ಒಂದು ಮಾತು ಹೇಳ್ಬೇಕಿತ್ತಮ್ಮ ನೀವು" ಅಂದರು. ಅಷ್ಟೇ. ಅದಕ್ಕಿಂತ ಜೋರಾಗಿ ಬೈದಿದ್ದರೆ ಸಲೀಸಾಗುತ್ತಿತ್ತು.

ಅಷ್ಟರಲ್ಲಿ ಇವರು ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆ ಬಿಟ್ಟು ನೆಲದ ಮೇಲೆ ಕೂತರು. ತಿಪ್ಪಯ್ಯ ಗಾಬರಿಯಿಂದ ಎದ್ದರೆ, ಕೈ ಹಿಡಿದು ಕೂರಿಸಿದರು. "ನೀರು ಕೊಡಮ್ಮ" ಅಂತ ರಂಗಕ್ಕನಿಗೆ ಹೇಳಿದರು. ಪೂರಾ ಚೊಂಬು ಕುಡಿದು, ಕೆಳಗಿಟ್ಟು, "ತಪ್ಪಾಯ್ತು ಕಣಯ್ಯ" ಅಂದರು.

ತಿಪ್ಪಯ್ಯ ಕೂಡಲೇ ಬರುತ್ತೇನೆ ಅನ್ನಲಿಲ್ಲ. ಯೋಚನೆ ಮಾಡಬೇಕು ಅಂದರು. ಹೊರಡುವಾಗ, ಕೆಂಚಿಯನ್ನು ಕಾರಿಗೆ ಹತ್ತಿಸುತ್ತಾ, ಅವಳ ಕಾಲಿನ ಗಾಯ ನೋಡಿ ಏನಾಯಿತು ಅಂತ ಕೇಳಿದರು. ಹೂವಿನ ಕಥೆ ಹೇಳಿದೆ. ನಿಂತು ಪೂರಾ ಕೇಳಿದರು.

ಜುಲೈ 1, ಸೋಮವಾರ

ಶಿವಬಸಮ್ಮನವರಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. "ಅಷ್ಟೇನಾ? ನಾನೇನೋ ದೊಡ್ಡ ಮೋಸ ಅಂದ್ಕೊಂಡಿದ್ದೆ ಕಣಮ್ಮ" ಅಂದರು. ಮೂಗಿಗೆ ಏನೋ ನಾಟಿ ಔಷಧಿ ಹೇಳಿದರು, ಬರೆದುಕೊಳ್ಳಲಿಲ್ಲ.

ಜುಲೈ 3, ಬುಧವಾರ

ಬೆಳಿಗ್ಗೆ ಮೊದಲ ಬಸ್ಸಿಗೇ ತಿಪ್ಪಯ್ಯ ಬಂದರು.

ಬಂದ ಲೋಡಿನ ಮುಂದೆ ಇವರು ನಿಂತಿದ್ದರು, ನಾನೂ ನಿಂತಿದ್ದೆ. ತಿಪ್ಪಯ್ಯ ಬೀಜ ಮೂಸಿ, ನಮ್ಮಿಬ್ಬರ ಮುಖ ನೋಡಿದರು. ಮತ್ತೊಂದು ಚೀಲ ಬಿಚ್ಚಿಸಿ ಮೂಸಿದರು.

"ಬೇಡ ಸಾವ್ಕಾರ್ರೆ" ಅಂದರು.

ನನ್ನ ಕಣ್ಣಿಗೆ ಅದು ಒಳ್ಳೆಯ ಬೀಜ, ದುಂಡಗೆ, ಗುಲಾಬಿ ಬಣ್ಣ. ಲಾರಿಯವನು ಗೊಣಗಿದ. ಇವರು ಕೂಡಲೇ ವಾಪಸ್ ಕಳಿಸಿದರು.

ಲಾರಿ ಹೋದ ಮೇಲೆ ನಾನು ಕೇಳಿದೆ: "ಹೇಗಿತ್ತು ಅದು? ನನಗೆ ಹೇಳ್ರಿ."

"ಮುಗ್ಗಲಮ್ಮ."

"ಮುಗ್ಗಲು ಅಂದ್ರೆ ಯಾವ ತರದ್ದು? ನೀರು ಬಿದ್ದದ್ದಾ, ಹಳೇದಾ?"

ಅವರು ಕಣ್ಣು ಮುಚ್ಚಿಕೊಂಡರು. ಹತ್ತೊಂಬತ್ತು ವರ್ಷ ನಾನೂ ಮೂಸಿದ್ದೆ, ಹೌದು ಅಲ್ಲ ಅಂತ ಹೇಳಿದ್ದು ಬಿಟ್ಟರೆ ಇನ್ನೇನೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

"ಮೊದಲಿಗೆ ಹಸಿ ಗೋಡೆ ಇದ್ದಂಗೆ" ಅಂದರು ನಿಧಾನವಾಗಿ. "ಮುಚ್ಚಿದ್ದ ಕೋಣೆ ಬಾಗಿಲು ತೆಗೆದ್ರೆ ಬರ್ತೈತಲ್ಲ, ಅದು. ಆಮೇಲೆ ಹಿಂದಿಂದ ಒಂದು ಕಹಿ ಬರ್ತೈತೆ, ಸಣ್ಣಗೆ. ತಡೀರಿ, ಇನ್ನೊಂದು ಐತೆ ಅದರಾಗೆ..."

ನಾನು ನೋಟ್‌ಬುಕ್ಕು ತರಲು ಒಳಗೆ ಓಡಿದೆ.